ಹಾಲುಬಿಳುಪು, ಕೆನೆಬಿಳುಪು

ನಮ್ಮ ವ್ಯಾಕರಣಶಾಸ್ತ್ರದಲ್ಲಿ 'ವರ್ಣ' ಎಂಬ ಶಬ್ದಕ್ಕೆ ಅಕ್ಷರವೆಂದು ಅರ್ಥ. ಲೋಕವ್ಯವಹಾರದಲ್ಲಿ ಬಣ್ಣವೆಂದು ಅರ್ಥ. ಆ ಸಂಸ್ಕೃತ ಶಬ್ದವೇ ತದ್ಭವವಾಗಿ ಕನ್ನಡದಲ್ಲಿ 'ಬಣ್ಣ'ವೆಂದು ನೆಲೆಯೂರಿತು. ಆದಕಾರಣ ಅಕ್ಷರವನ್ನು ನಂಬಿ ಬಾಳುವ ಪಂಡಿತನಿಗೂ ಗೋಡೆಗೆ ಬಣ್ಣ ಹಚ್ಚಿ ಬಾಳುವ ಕುಶಲಕರ್ಮಿಗೂ ದೂರದ ಬಂಧುತ್ವವೊಂದು ಇದ್ದೇ ಇದೆಯೆಂದು ನಾನು ಭಾವಿಸುತ್ತೇನೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜನಂತೂ ತನ್ನ 'ಶಬ್ದಮಣಿದರ್ಪಣ'ದಲ್ಲಿ, ನಾಭಿಮೂಲದಲ್ಲಿ ಹುಟ್ಟಿಬರುವ ಶಬ್ದದ್ರವ್ಯವು ಶ್ವೇತವರ್ಣದ್ದೆಂದೇ ಹೇಳಿದ್ದಾನೆ. ಮಾತಿನ ಮೂಲವೇ ಬಿಳಿದು! ಆದರೆ ಆ ಬಿಳುಪು ಹಾಲಿನದೋ ಕೆನೆಯದೋ ಎಂಬುದನ್ನು ಸೂತ್ರಕಾರನು ವಿವರಿಸಲಿಲ್ಲ. ಸೂತ್ರಕ್ಕೆ ಅಲ್ಪಾಕ್ಷರವೇ ಭೂಷಣ. ಮನೆಗೆ ಬಣ್ಣ ಹಚ್ಚಿಸುವ ಗೃಹಸ್ಥನಿಗೆ ಆ ಅನುಕೂಲವಿಲ್ಲ. ಅವನು ಅಂಗಡಿಯವನೆದುರಿಗೆ ನಿಂತು 'ಬಿಳಿ' ಎಂದರೆ, 'ಯಾವ ಬಿಳಿ?' ಎಂಬ ಪ್ರಶ್ನೆ ತಕ್ಷಣ ಎದುರಾಗುತ್ತದೆ.

ಈ ಪ್ರಶ್ನೆ ಕಳೆದ ಬೇಸಿಗೆಯಲ್ಲಿ ದಿಗ್ಗೇವಾಡಿಯ ನಮ್ಮ ಮನೆಯನ್ನು ಮೂರು ವಾರಗಳವರೆಗೆ ಎರಡು ಪಕ್ಷವಾಗಿ ಒಡೆದಿತ್ತು. ಅದು ಕೇವಲ ಒಂದು ಮನೆಯ ಗೋಡೆಯ ವಿಷಯವಾಗಿದ್ದರೆ ಈ ಸ್ಮರಣಸಂಚಿಕೆಯ ಪುಟಗಳನ್ನು ಅದಕ್ಕಾಗಿ ಬಳಸುತ್ತಿರಲಿಲ್ಲ. ಎರಡು ವಸ್ತುಗಳು ಬಹುವಾಗಿ ಭಿನ್ನವಾಗಿದ್ದಾಗ ಆಯ್ಕೆ ಸುಲಭ. ಬಹುವಾಗಿ ಹೋಲುತ್ತಿದ್ದಾಗಲೇ ಮನುಷ್ಯನ ವಿವೇಚನೆಗೆ ನಿಜವಾದ ಪರೀಕ್ಷೆ. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂವತ್ತು ಅಂಕಕ್ಕೂ ತೊಂಬತ್ತು ಅಂಕಕ್ಕೂ ಇರುವ ಅಂತರ ಯಾರಿಗಾದರೂ ಕಾಣುತ್ತದೆ. ಪಾರಿತೋಷಕಕ್ಕೆ ನಿಂತ ಇಬ್ಬರು ಜಾಣರ ಪ್ರಬಂಧಗಳಲ್ಲಿ ಯಾವುದು ಒಂದು ಕೂದಲೆಳೆಯಷ್ಟು ಮೇಲು ಎಂದು ನಿರ್ಣಯಿಸುವ ರಾತ್ರಿ ನಿದ್ರೆ ಬಾರದು.

ಮೊದಲು ಸಂದರ್ಭವನ್ನು ತಿಳಿಸುತ್ತೇನೆ. ನಮ್ಮ ರಾಯಬಾಗ ತಾಲೂಕಿನ ಈ ಭಾಗಕ್ಕೆ ಕೃಷ್ಣೆ ನೆರೆಯವಳು. 2019ರ ಆಗಸ್ಟ್ ತಿಂಗಳಲ್ಲಿ ಆಕೆ ನಿಜವಾಗಿ 'ನೆರೆ'ಯಾಗಿಯೇ ಬಂದಳು. ಸಹ್ಯಾದ್ರಿಯಲ್ಲಿ ಸುರಿದ ಮಳೆಯೂ, ಕೊಯ್ನಾ ಮೊದಲಾದ ಜಲಾಶಯಗಳಿಂದ ಹರಿದುಬಂದ ನೀರೂ ಸೇರಿ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ಹೊಳೆದಂಡೆಯ ಊರುಗಳನ್ನು ತುಂಬಿದುವು. ತಗ್ಗಿನಲ್ಲಿರುವ ನಮ್ಮ ಮನೆಯೊಳಗೂ ನೀರು ಸೊಂಟದೆತ್ತರ ನಿಂತಿತು. ಇಳಿದ ಮೇಲೆ ನೋಡಿದರೆ, ಪಡಸಾಲೆಯಿಂದ ಅಡಿಗೆಮನೆಯವರೆಗೆ ನಾಲ್ಕೂ ಗೋಡೆಗಳ ಮೇಲೆ ಎರೆಮಣ್ಣಿನ ಗೆರೆಯೊಂದು, ಯಾರೋ ನೂಲು ಹಿಡಿದು ಎಳೆದಂತೆ, ಒಂದೇ ಮಟ್ಟದಲ್ಲಿ ಬಿದ್ದಿತ್ತು. ನನ್ನ ಪುಸ್ತಕದ ಕಪಾಟಿನ ಕೆಳಗಿನ ಎರಡು ಅಂತಸ್ತಿನಲ್ಲಿದ್ದ ಗ್ರಂಥಗಳು ಆ ಗೆರೆಯ ಕೆಳಗಿದ್ದುವು; ಅವುಗಳಲ್ಲಿ ವಿದ್ಯಾರ್ಥಿದೆಸೆಯ ನನ್ನ ಟಿಪ್ಪಣಿಗಳೂ ಇದ್ದುವು. ಅವುಗಳ ಪುಟಗಳ ಬಿಳುಪು ಏನಾಯಿತೆಂಬುದನ್ನು ಇಲ್ಲಿ ವರ್ಣಿಸುವುದು ಬೇಡ.

ಆಮೇಲೆ ಪ್ರತಿವರ್ಷವೂ ಗೋಡೆಗಳಿಗೆ ಸುಣ್ಣ ಹಚ್ಚಿಸಿದೆವು. 2021ರ ಜುಲೈ ತಿಂಗಳಲ್ಲಿ ಕೃಷ್ಣೆ ಮತ್ತೊಮ್ಮೆ ಉಕ್ಕಿದಳು. ಆದರೆ ನಮ್ಮ ಹೊಸ್ತಿಲನ್ನು ದಾಟಲಿಲ್ಲ. ವರ್ಷಗಳು ಕಳೆದಂತೆ ಗೆರೆ ಸುಣ್ಣದ ಪದರುಗಳ ಕೆಳಗೆ ಮಸಕಾಗುತ್ತ ಬಂದಿತು. ಕಳೆದ ಬೇಸಿಗೆಯಲ್ಲಿ, 80 ದಾಟಿದ ನನ್ನ ತಾಯಿಯ ಒಂದು ಕಣ್ಣಿನ ಪೊರೆಯನ್ನು ಮಿರಜದಲ್ಲಿ ತೆಗೆಸಿದೆವು. ಅವ್ವ ಮರಳಿ ಬಂದು ಹೊಸ ಕಣ್ಣಿನಿಂದ ಮನೆಯನ್ನು ನೋಡುವಾಗ ಗೋಡೆಗಳೂ ಹೊಸದಾಗಿರಲೆಂದು ಎಲ್ಲರೂ ಒಮ್ಮನಸ್ಸಿನಿಂದ ತೀರ್ಮಾನಿಸಿದೆವು. ಒಮ್ಮನಸ್ಸು ಅಲ್ಲಿಗೇ ನಿಂತಿತು.

ಅಂಗಡಿಯಿಂದ ತಂದ ಬಣ್ಣಗಳ ಹೊತ್ತಿಗೆಯಲ್ಲಿ ಬಿಳುಪಿನ ಚೌಕಗಳೇ ಒಂದು ಪುಟವನ್ನು ತುಂಬಿದ್ದುವು. ಸೋಸಿ ಸೋಸಿ ಕೊನೆಗೆ ಎರಡು ಉಳಿದುವು. ಅವುಗಳಿಗೆ ಕಂಪನಿಯವರು ಇಟ್ಟ ಹೆಸರು ನಮ್ಮ ಬಾಯಲ್ಲಿ ಹೊರಳದ್ದರಿಂದ ಒಂದನ್ನು ಹಾಲುಬಿಳುಪೆಂದೂ ಇನ್ನೊಂದನ್ನು ಕೆನೆಬಿಳುಪೆಂದೂ ಕರೆದೆವು. ಒಂದೇ ಬಿಳಿಯ ಮೂಲದ್ರವ್ಯಕ್ಕೆ ಯಂತ್ರವು ಹಳದಿಯ ಕೆಲವು ಹನಿಗಳನ್ನು ಹೆಚ್ಚಾಗಿ ಬಿಟ್ಟರೆ ಕೆನೆ, ಕಡಿಮೆ ಬಿಟ್ಟರೆ ಹಾಲು. ನನ್ನ ಮಗನು ಹಾಲಿನ ಪಕ್ಷ ಹಿಡಿದನು. 'ಹಾಲುಬಿಳುಪಿನಿಂದ ಬೆಳಕು ಹೆಚ್ಚು ಮರಳುತ್ತದೆ. ದೀಪದ ಖರ್ಚು ಉಳಿಯುತ್ತದೆ' ಎಂಬುದು ಅವನ ವಾದ. ನನ್ನ ಗೃಹಿಣಿ ಕೆನೆಯ ಪಕ್ಷ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬಂದ ಬೀಗರು ಭಂಡಾರದ ಕೈಯನ್ನು ಪಡಸಾಲೆಯ ಗೋಡೆಗೆ ಊರಿಯೇ ಏಳುತ್ತಾರೆ, ಹಾಲುಬಿಳುಪಿನ ಮೇಲೆ ಅರಿಸಿನದ ಐದು ಬೆರಳೂ ಕಾಣುತ್ತವೆ, ಕೆನೆಯಾದರೆ ಅದನ್ನು ನುಂಗಿಕೊಳ್ಳುತ್ತದೆ ಎಂಬುದು ಆಕೆಯ ವಾದ. ಎರಡು ವಾದಗಳೂ ಪ್ರಬಲವಾಗಿದ್ದುವು.

ನಾನು ಶಾಸ್ತ್ರದ ಕಡೆಗೆ ತಿರುಗಿದೆನು. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ನೆನಪಿರಬಹುದು: ಅದರ ಧೀವರ್ಗದಲ್ಲಿ ಧವಲ, ಸಿತ, ಶುಭ್ರ, ಅರ್ಜುನ ಮೊದಲಾಗಿ ಬಿಳುಪಿಗೆ 13 ಹೆಸರುಗಳಿವೆ. ಅಲ್ಲಿಗೇ ಮುಗಿಸದೆ, ಹಳದಿಯ ಸೋಂಕುಳ್ಳ ಬಿಳುಪನ್ನು ಕೋಶಕಾರನು ಬೇರೆ ತೆಗೆದು, ಅದಕ್ಕೆ ಪಾಂಡು ಮೊದಲಾದ ಹೆಸರುಗಳನ್ನು ಕೊಟ್ಟಿದ್ದಾನೆ. ಇನ್ನೂ ಮಾಸಿದ್ದಕ್ಕೆ ಧೂಸರವೆಂದಿದ್ದಾನೆ. ಅಂದರೆ ಹಾಲಿಗೂ ಕೆನೆಗೂ ನಡುವಿನ ಗಡಿಕಲ್ಲನ್ನು ಅಮರಸಿಂಹನು ಅಂದೇ ನೆಟ್ಟಿದ್ದಾನೆ. ಮಹಾಭಾರತದ ವಂಶಾವಳಿಯಲ್ಲಿಯೂ ಈ ಎರಡು ಬಣ್ಣಗಳು ಒಂದೇ ಮನೆಯಲ್ಲಿವೆ: ಪಾಂಡುವೆಂದರೆ ಕೆನೆಬಿಳುಪು, ಅವನ ಮಗ ಅರ್ಜುನನೆಂದರೆ ಹಾಲುಬಿಳುಪು. ಈ ಮಾತನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಮಗನು ತನ್ನ ಪಕ್ಷಕ್ಕೆ ಅರ್ಜುನನೇ ಬಂದನೆಂದು ಹಿಗ್ಗಿದನು.

ಆದರೆ ಕವಿಗಳ ಮತ ಬೇರೆ. 10ನೆಯ ಶತಮಾನದ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕವಿಸಮಯಗಳನ್ನು ಎಣಿಸುವಾಗ, ಕಪ್ಪು-ನೀಲಿಗಳನ್ನೂ ಹಳದಿ-ಕೆಂಪುಗಳನ್ನೂ ಶುಕ್ಲ-ಗೌರಗಳನ್ನೂ ಒಂದೇ ಎಂಬಂತೆ ಬಳಸುವುದು ಕವಿಮಾರ್ಗಕ್ಕೆ ಸಮ್ಮತವೆಂದು ತಿಳಿಸಿದ್ದಾನೆ. ಕೋಶಕಾರನು ಬೇರ್ಪಡಿಸಿದ್ದನ್ನು ಕವಿ ಕೂಡಿಸುತ್ತಾನೆ. ಕಾವ್ಯದಲ್ಲಿ ಇಂಥ ಸ್ವಾತಂತ್ರ್ಯ ಸೊಗಸು. ಗೋಡೆಯಲ್ಲಿ ಅದು ನಡೆಯದು. 'ಶುಕ್ಲ-ಗೌರ ಎರಡೂ ಒಂದೇ ಎಂದು ಹಿರಿಯರು ಹೇಳಿದ್ದಾರೆ' ಎಂದು ನಾನು ಸಂಧಾನಕ್ಕೆ ತೊಡಗಿದಾಗ ಗೃಹಿಣಿ ಕೊಟ್ಟ ಉತ್ತರ ಇಷ್ಟು: 'ಅಲ್ರೀ, ಎರಡೂ ಒಂದ ಅಂತೀರಲ್ಲ, ಹಾಲೂ ಮಜ್ಜಿಗೀನೂ ಒಂದ ಏನ್ರೀ?' ವ್ಯಾಕರಣದಲ್ಲಿ ಎರಡು ಸವರ್ಣ ಸ್ವರಗಳು ಎದುರಾದರೆ ಎರಡೂ ಕೂಡಿ ಒಂದು ದೀರ್ಘವಾಗುತ್ತದೆ. ನಮ್ಮ ಮನೆಯಲ್ಲಿ ಎರಡು ಸವರ್ಣಗಳು ಎದುರಾದಾಗ ದೀರ್ಘವಾದದ್ದು ವಾದ ಮಾತ್ರ.

ಈ ನಡುವೆ ಬಣ್ಣ ಹಚ್ಚುವ ಗೃಹಸ್ಥರು ಬಂದರು. ಮೂವತ್ತು ವರ್ಷಗಳಿಂದ ಸುತ್ತಲಿನ ಹತ್ತಾರು ಊರುಗಳ ಗೋಡೆಗಳನ್ನು ಬಲ್ಲವರು. ಹೊತ್ತಿಗೆಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆಯ ಬುಡಕ್ಕೆ ಅಂಗೈ ಒತ್ತಿ ನಿಂತರು. 'ಗುರುಗಳ, ಬಣ್ಣ ಆಮ್ಯಾಲ ಆರಸ್ರಿ. ಗ್ವಾಡಿ ಕುಡದ ನೀರು ಮೊದಲ ಬಿಟ್ಟೈತೋ ಇಲ್ಲೋ ನೋಡೂಣು' ಎಂದರು. ಆ ಸಂಜೆ ಗೋಡೆಯ ಕೆಳಭಾಗದಲ್ಲೊಂದು, ಮೇಲ್ಭಾಗದಲ್ಲೊಂದು, ಹೀಗೆ ಪ್ಲಾಸ್ಟಿಕ್ ಹಾಳೆಯ ಎರಡು ತುಂಡುಗಳನ್ನು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಹೋದರು. ಮರುದಿನ ಬೆಳಗ್ಗೆ ನೋಡಿದರೆ ಮೇಲಿನ ಹಾಳೆ ಒಣಗಿತ್ತು. ಕೆಳಗಿನ ಹಾಳೆಯ ಒಳಮೈಯಲ್ಲಿ ಸಣ್ಣ ಹನಿಗಳು ಮೂಡಿದ್ದುವು. ನೆರೆ ಇಳಿದು ವರ್ಷಗಳಾಗಿದ್ದರೂ ಗೋಡೆಯ ಬುಡ ನೆಲದಿಂದ ನೀರನ್ನು ಹೀರುತ್ತಲೇ ಇತ್ತು.

ಅವರು ಬುಡದಲ್ಲಿ ಉಗುರಿನಿಂದ ಕೆರೆದು ಬಿಳಿಯ ಪುಡಿಯನ್ನು ತೋರಿಸಿದರು. ಅದು ಸುಣ್ಣವಲ್ಲ, ಸವಳು. ನಮ್ಮ ಹೊಳೆಸಾಲಿನ ರೈತರಿಗೆ ಇದರ ಪರಿಚಯ ಚೆನ್ನಾಗಿದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದ ಎರೆಭೂಮಿಯಲ್ಲಿ, ಬಸಿದುಹೋಗಲು ದಾರಿಯಿಲ್ಲದ ನೀರು ನೆಲದೊಳಗಿನ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ನೀರು ಆರಿಹೋಗಿ ಲವಣ ಉಳಿಯುತ್ತದೆ. ಒಳ್ಳೆಯ ಹೊಲ ಸವಳು-ಜವಳಾಗುತ್ತದೆ. ಗೋಡೆಯಲ್ಲಿ ನಡೆಯುವುದೂ ಅದೇ ಕ್ರಿಯೆ. ಹೀಗೆ ನಾವು ಹಾಲು, ಕೆನೆ ಎಂಬ ಎರಡು ಬಿಳುಪುಗಳ ನಡುವೆ ಹೊಡೆದಾಡುತ್ತಿದ್ದಾಗ ಯಾರೂ ಆರಿಸದ ಮೂರನೆಯ ಬಿಳುಪೊಂದು ಗೋಡೆಯೊಳಗಿನಿಂದಲೇ ಹೊರಟಿತ್ತು. ಇಂಥ ತೇವದ ಮೈಗೆ ಇಂದಿನ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ, ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ತಪ್ಪಿ, ಬಣ್ಣವು ಹಪ್ಪಳದಂತೆ ಉಬ್ಬಿ ಉದುರುತ್ತದೆ. ಆಗ ಅದು ಹಾಲಾಗಿದ್ದರೇನು, ಕೆನೆಯಾಗಿದ್ದರೇನು!

ಸುಣ್ಣದ ಗುಣ ಇದಕ್ಕೆ ವಿರುದ್ಧವಾದುದು. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಗೋಡೆಗೆ ಬಳಿದರೆ ಅದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲೇ ಆಗುತ್ತದೆ. ಆದರೆ ತೇವವು ಹೊರಹೋಗುವಷ್ಟು ಸೂಕ್ಷ್ಮರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಅದಕ್ಕೊಂದು ಚಿಟಿಕೆ ನೀಲಿಯನ್ನು ಬೆರೆಸುತ್ತಿದ್ದರು. ಸುಣ್ಣದ ಸಹಜವಾದ ಹಳದಿ ಛಾಯೆ ನೀಲಿಯ ಸೋಂಕಿನಿಂದ ಅಡಗಿ, ಬಿಳುಪು ಇನ್ನಷ್ಟು ಬಿಳುಪಾಗಿ ತೋರುತ್ತಿತ್ತು. ಚಿಟಿಕೆ ಹೆಚ್ಚಾದರೆ ಮನೆಯೇ ತಿಳಿನೀಲಿಯಾಗುತ್ತಿತ್ತು. ಓಣಿಯಲ್ಲಿ ಅಂಥ ಒಂದೆರಡು ಮನೆಗಳು ಇದ್ದೇ ಇರುತ್ತಿದ್ದುವು, ಅವುಗಳ ಯಜಮಾನಿಯರು ಅದು ತಾವು ಬೇಕೆಂದೇ ಮಾಡಿಸಿದ್ದೆಂದು ಹೇಳುತ್ತಲೂ ಇದ್ದರು. ಇಂದಿನ ಹೊತ್ತಿಗೆಯ ಪುಟದಲ್ಲಿ ಯಂತ್ರವು ಹನಿಗಳಲ್ಲಿ ಎಣಿಸುವ ಲೆಕ್ಕವನ್ನು ಅಂದು ನಮ್ಮ ಅಜ್ಜಿಯರು ಎರಡು ಬೆರಳಿನ ತುದಿಯಲ್ಲಿ ಎಣಿಸುತ್ತಿದ್ದರು.

ಆದ್ದರಿಂದ ಗೋಡೆಯ ಬುಡದಿಂದ ಎರಡು ಮೊಳದವರೆಗೆ ಸುಣ್ಣವೇ ಇರಬೇಕೆಂದು ಗೃಹಸ್ಥರು ವಿಧಿಸಿದರು. ಮೇಲಿನ ಒಣಭಾಗಕ್ಕೆ ಮಾತ್ರ ನಮ್ಮ ಆಯ್ಕೆ. ಅದನ್ನೂ ಹೊತ್ತಿಗೆಯಲ್ಲಿ ನೋಡಿ ಆರಿಸಬಾರದು, ಗೋಡೆಯ ಮೇಲೆಯೇ ನೋಡಬೇಕೆಂದು ಹೇಳಿ, ಪ್ರತಿ ಕೋಣೆಯಲ್ಲಿಯೂ ಹಾಲಿನದೊಂದು, ಕೆನೆಯದೊಂದು, ಮೊಳದಗಲದ ಚೌಕಗಳನ್ನು ಎರಡೆರಡು ಕೈ ಹಚ್ಚಿ, ಒಂದಕ್ಕೊಂದು ತಗುಲದಂತೆ ಬಿಡಿಸಿ ಬರೆದುಕೊಟ್ಟರು. ಮೂರು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿರೆಂದರು.

ಆ ಮೂರು ದಿನಗಳಲ್ಲಿ ಕಂಡದ್ದು ಒಂದು ಪಾಠವೇ ಸರಿ. ಪೂರ್ವಕ್ಕೆ ಬಾಗಿಲುಳ್ಳ ಪಡಸಾಲೆಯಲ್ಲಿ ಎಳೆಬಿಸಿಲು ಬಿದ್ದಾಗ ಹಾಲೂ ಕೆನೆಯಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡೂ ತಮ್ಮ ತಮ್ಮ ನಿಜಕ್ಕೆ ಬರುತ್ತಿದ್ದುವು. ರಾತ್ರಿ ನೀಲಿ ಛಾಯೆಯ ಎಲ್‌ಇಡಿ ದೀಪದ ಕೆಳಗೆ ಕೆನೆ ಮಂಕಾಗಿ ಹಾಲು ಗೆಲ್ಲುತ್ತಿತ್ತು. ಹಳದಿ ಛಾಯೆಯ ದೀಪ ಹಾಕಿದರೆ ಎರಡನ್ನೂ ಬೇರ್ಪಡಿಸಲು ಕೈದೀಪ ಹಿಡಿಯಬೇಕಾಗುತ್ತಿತ್ತು. ಕಿಟಕಿಯಿಲ್ಲದ ನಡುಮನೆಯಲ್ಲಿ ಮತ್ತೊಂದು ವಿಶೇಷ. ಅಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಮರಳುವುದರಿಂದ ಪ್ರತಿಸಲವೂ ಗೋಡೆಯ ಬಣ್ಣವನ್ನು ಇನ್ನಿಷ್ಟು ಹೊತ್ತುಕೊಳ್ಳುತ್ತದೆಯೆಂದೂ, ಚೌಕದಲ್ಲಿ ಕೆನೆಯಾಗಿ ತೋರುವುದು ನಾಲ್ಕೂ ಗೋಡೆ ತುಂಬಿದಾಗ ಬೆಣ್ಣೆಯಾಗಿಬಿಡುತ್ತದೆಯೆಂದೂ ಗೃಹಸ್ಥರು ಎಚ್ಚರಿಸಿದರು. ಪಡಸಾಲೆಯ ನೆಲಕ್ಕೆ ಹಾಸಿದ ಶಹಾಬಾದ ಫರಸಿಯ ಬೂದುಬಣ್ಣದ ಪಕ್ಕದಲ್ಲಿ ಕೆನೆ ಇನ್ನಷ್ಟು ಹಳದಿಯಾಗಿ ತೋರಿತು.

ಬಣ್ಣವು ತನ್ನ ನೆರೆಯ ಬಣ್ಣದಿಂದ ಬದಲಾಗಿ ತೋರುವ ಈ ಸಂಗತಿಯನ್ನು ಫ್ರಾನ್ಸ್ ದೇಶದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನು 1839ರಲ್ಲಿ ದೊಡ್ಡ ಗ್ರಂಥವಾಗಿಯೇ ಬರೆದನು. ಆತನು ಪ್ಯಾರಿಸಿನ ಗೋಬ್ಲಾಂ ಎಂಬ ರಾಜಾಶ್ರಯದ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದನು. ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಬಂದಾಗ ಪರೀಕ್ಷಿಸಿ ನೋಡಿದನು: ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳು ಕಪ್ಪನ್ನು ಹಾಗೆ ತೋರಿಸುತ್ತಿದ್ದುವು. ಮನುಷ್ಯನ ಗುಣವನ್ನು ಅವನ ಸಹವಾಸದಿಂದ ಅಳೆಯುವ ನಮ್ಮ ನೀತಿಶಾಸ್ತ್ರಕಾರರಿಗೆ ಈ ತತ್ತ್ವ ಹೊಸದೆನಿಸಲಾರದು.

ಇಷ್ಟಾದರೂ ನಿರ್ಣಯವಾಗಲಿಲ್ಲ. ಅಂದಿನವರೆಗೆ ಅವ್ವನನ್ನು ಯಾರೂ ಕೇಳಿರಲಿಲ್ಲ. ಮಸಕುಗಣ್ಣಿನ ಮುದುಕಿಗೆ ಹಾಲು-ಕೆನೆಗಳ ಸೂಕ್ಷ್ಮ ಹೇಗೆ ಕಂಡೀತೆಂಬುದು ಮನೆಯವರೆಲ್ಲರ ಎಣಿಕೆಯಾಗಿತ್ತು. ಕಣ್ಣಿಗೆ ಹನಿ ಹಾಕುವ ಹೊತ್ತಿನಲ್ಲಿ ಆಕೆಯೇ ತನ್ನ ಕೋಣೆಯ ಹಾಲುಬಿಳುಪಿನ ಚೌಕವನ್ನು ನೋಡುತ್ತ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಆಮೇಲೆ ಇನ್ನೊಂದನ್ನು ಮುಚ್ಚಿದಳು. ಮತ್ತೆ ಮೊದಲಿನದನ್ನು. ಬಳಿಕ ಹೇಳಿದಳು: 'ಈ ಕಣ್ಣಿಗೆ ಹಾಲು ಕಾಣತೈತಿ, ಈ ಕಣ್ಣಿಗೆ ಕೆನಿ ಕಾಣತೈತಿ. ಗ್ವಾಡಿ ನೋಡಿದ್ರ ಒಂದ ಐತಿ. ನೀವು ಯಾವುದಕ್ಕ ಜಗಳಾಡಾಕತ್ತೀರಿ?'

ವೈದ್ಯರು ಹೇಳುವ ಕಾರಣ ಸರಳವಾಗಿದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವು ಹಳದಿಗಟ್ಟುತ್ತದೆ, ಬೆಳಕಿನ ನೀಲಿಯ ಅಂಶವನ್ನು ತಡೆಯುತ್ತದೆ. ಪೊರೆ ಬಲಿತಾಗ ಈ ಹಳದಿ ಇನ್ನೂ ಗಾಢ. ಅದನ್ನು ತೆಗೆದು ಕೃತಕ ಮಸೂರವನ್ನು ಕೂಡಿಸಿದೊಡನೆ ಬಿಳಿಯು ಬಿಳಿಯಾಗಿ, ಕೆಲವರಿಗೆ ತುಸು ನೀಲಿಯಾಗಿಯೂ ಕಾಣತೊಡಗುತ್ತದೆ. ಒಂದೇ ಕಣ್ಣಿಗೆ ಚಿಕಿತ್ಸೆಯಾದವರಲ್ಲಿ ಎರಡು ಕಣ್ಣುಗಳ ಸಾಕ್ಷ್ಯ ಎರಡಾಗುತ್ತದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋದ್ ಮೊನೆಗೆ 1923ರಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆದರು. ಆಮೇಲೆ ಆತನಿಗೆ ಎರಡು ಕಣ್ಣುಗಳ ಬಣ್ಣ ಹೊಂದದೆ ಬಹುಕಾಲ ತೊಂದರೆಯಾಯಿತು. ಬಣ್ಣವನ್ನೇ ಉಸಿರಾಗಿಸಿಕೊಂಡ ಕಲಾವಿದನಿಗೆ ಅದು ಸಂಕಟವಾಯಿತು. ನಮ್ಮ ಅವ್ವನಿಗೆ ಅದು ವಿನೋದವಾಯಿತು. ಮೂರು ವಾರ ನಾವು ಯಾವ ಅಂತರಕ್ಕಾಗಿ ವಾದಿಸಿದೆವೋ ಆ ಅಂತರಕ್ಕಿಂತ ಒಬ್ಬಳೇ ಮುದುಕಿಯ ಎರಡು ಕಣ್ಣುಗಳ ನಡುವಿನ ಅಂತರವೇ ಹೆಚ್ಚಾಗಿತ್ತು!

ಆದರೆ ಆಕೆ ಅಷ್ಟಕ್ಕೆ ಬಿಡಲಿಲ್ಲ. ಹೊಸ ಯೋಜನೆಯ ಪ್ರಕಾರ ಬಾಗಿಲ ಚೌಕಟ್ಟು, ಹೊಸ್ತಿಲು, ದೀಪದ ಗುಂಡಿಯ ಹಲಗೆ ಎಲ್ಲವೂ ಗೋಡೆಯ ಬಣ್ಣದಲ್ಲಿಯೇ ಒಂದಾಗಿ ಹೋಗಬೇಕಿತ್ತು. ಪಟ್ಟಣದ ಹೊಸ ಮನೆಗಳಲ್ಲಿ ಅದೇ ಈಗಿನ ರೀತಿಯಂತೆ. ಅದನ್ನು ಕೇಳಿ ಅವ್ವ ಹೇಳಿದ ಮಾತು: 'ಎಲ್ಲಾ ಬೆಳ್ಳಗ ಮಾಡಿದ್ರ ಬಾಗಲಾ ಯಾವುದು, ಗ್ವಾಡಿ ಯಾವುದು? ರಾತ್ರಿ ಎದ್ದರ ನನಗ ಹೊಚ್ಚಲ ಕಾಣಬೇಕಲ್ಲ!' ಮಾತು ಸಣ್ಣದು. ಅದರ ಹಿಂದೆ ಭಯವೊಂದಿತ್ತು. ಹೊಸ್ತಿಲು ಎಡವಿ ಬಿದ್ದು ಸೊಂಟ ಮುರಿದುಕೊಂಡು ಮತ್ತೆ ಏಳದೆ ಹೋದ ಒಡನಾಡಿತಿಯರು ಆಕೆಗೆ ಓಣಿಯಲ್ಲಿ ಇದ್ದರು. ಮಂದದೃಷ್ಟಿಯವರಿಗೆ ಬೇಕಾದುದು ಬಿಳುಪಿನಲ್ಲಿ ಬಿಳುಪಿನ ನಯವಲ್ಲ. ಗೋಡೆ ಮುಗಿದು ಬಾಗಿಲು ಆರಂಭವಾಗುವ ಎಡೆಯಲ್ಲಿ, ನೆಲ ಮುಗಿದು ಮೆಟ್ಟಿಲು ಏಳುವ ಎಡೆಯಲ್ಲಿ, ಎದ್ದುಕಾಣುವ ಭೇದ.

ಆಗ ನನಗೆ ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬಳಿಯುತ್ತಿದ್ದ ಕೆಮ್ಮಣ್ಣಿನ ಪಟ್ಟಿಯ ತಾತ್ಪರ್ಯ ತಿಳಿಯಿತು. ಅದು ಅಲಂಕಾರಕ್ಕೆಂದು ಹೇಳುತ್ತಾರೆ, ಅಲಂಕಾರವೂ ಹೌದು. ಸಾರಣೆಯ ನೀರು ಚಿಮ್ಮಿದರೆ ಕೊಳೆ ಕಾಣದಿರಲೆಂಬುದೂ ಹೌದು. ಆದರೆ ಎಣ್ಣೆದೀಪದ ಮಂದಬೆಳಕಿನಲ್ಲಿ, ಕಣ್ಣು ಮಸಕಾದ ಮುದುಕರಿಗೆ ಗೋಡೆ ಎಲ್ಲಿ ನೆಲವನ್ನು ಮುಟ್ಟುತ್ತದೆ, ಹೊಸ್ತಿಲು ಎಲ್ಲಿದೆ ಎಂಬುದನ್ನು ತೋರಿಸುವ ಗುರುತೂ ಅದೇ ಆಗಿತ್ತು. ಸುಣ್ಣದೊಡನೆ ಬೆರೆತರೂ ಕೆಮ್ಮಣ್ಣಿನ ಕೆಂಪು ಕೆಡುವುದಿಲ್ಲ. ತೇವದ ಬುಡಕ್ಕೆ ಸುಣ್ಣವೇ ಬೇಕೆಂಬ ಗೃಹಸ್ಥರ ವಿಧಿಗೂ ಅದು ಹೊಂದಿತು. ಹೀಗೆ ಬುಡದ ಎರಡು ಮೊಳಕ್ಕೆ ಕೆಮ್ಮಣ್ಣು ಬೆರೆಸಿದ ಸುಣ್ಣವೆಂದು ಎಲ್ಲರೂ ಒಪ್ಪಿದೆವು. ತೇಗಿನ ಚೌಕಟ್ಟುಗಳಿಗೆ ಎಣ್ಣೆ ತಿಕ್ಕಿ ಅವುಗಳ ಕಪ್ಪುಕಂದನ್ನು ಹಾಗೆಯೇ ಉಳಿಸಿಕೊಂಡೆವು.

ಮೇಲಿನ ಭಾಗದ ನಿರ್ಣಯ ಆಮೇಲೆ ತಾನಾಗಿಯೇ ಬಂದಿತು. ಪಡುವಣ ಕಿಟಕಿಯಿಂದ ಇಳಿಬಿಸಿಲು ನೇರವಾಗಿ ಬೀಳುವ ಅವ್ವನ ಕೋಣೆಯಲ್ಲಿ ಹಾಲುಬ‍ಿಳುಪು ಚಿಕಿತ್ಸೆಯಾದ ಕಣ್ಣನ್ನು ಕುಕ್ಕುತ್ತಿತ್ತು, ಅಲ್ಲಿಗೆ ಕೆನೆ. ಬೆಳಕನ್ನು ಎರವಲು ತರಬೇಕಾದ ನಡುಮನೆಗೂ ಮಗನ ಓದುವ ಕೋಣೆಗೂ ಹಾಲು. ಬೀಗರು ಕುಳಿತೇಳುವ, ಭಂಡಾರದ ಕೈಗಳು ಊರುವ ಪಡಸಾಲೆಗೆ ಕೆನೆ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಪ್ರತಿಯೊಂದು ಗೋಡೆಯೂ ತನಗೆ ಬೇಕಾದುದನ್ನು ತಾನೇ ಹೇಳಿತು.

16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರು 'ಕುವಲಯಾನಂದ'ದಲ್ಲಿ ಮೀಲಿತವೆಂದೂ ಉನ್ಮೀಲಿತವೆಂದೂ ಎರಡು ಅಲಂಕಾರಗಳನ್ನು ಹೇಳಿದ್ದಾರೆ. ಸಾದೃಶ್ಯದ ಅತಿಶಯದಿಂದ ಒಂದರಲ್ಲಿ ಇನ್ನೊಂದು ಕರಗಿ ಭೇದವೇ ಕಾಣದಿದ್ದರೆ ಅದು ಮೀಲಿತ. ಹಾಗೆ ಕರಗಿದ್ದರೂ ಬೇರೊಂದು ಕಾರಣದಿಂದ ಭೇದವು ತೆರೆದುಕೊಂಡರೆ ಅದು ಉನ್ಮೀಲಿತ. ಅದಕ್ಕೆ ಕೊಟ್ಟ ಉದಾಹರಣೆಯ ಭಾವವು ಮನೋಹರವಾಗಿದೆ: ರಾಜನ ಬೆಳ್ಳನೆಯ ಕೀರ್ತಿಯಲ್ಲಿ ಹಿಮಾಲಯವೇ ಮುಳುಗಿಹೋಯಿತಂತೆ, ದೇವತೆಗಳು ಅದರ ತಂಪಿನಿಂದ ಅದನ್ನು ಗುರುತಿಸಿದರಂತೆ. ಗಮನಿಸಬೇಕಾದ ಅಂಶವೇನೆಂದರೆ, ಬಿಳುಪಿನಿಂದ ಬಿಳುಪನ್ನು ಬೇರ್ಪಡಿಸಿದ್ದು ಬಣ್ಣವಲ್ಲ, ತಂಪು. ಕಣ್ಣು ಸೋತಲ್ಲಿ ಚರ್ಮವು ತಿಳಿಯಿತು. ನಮ್ಮ ಎರಡು ಬಿಳುಪುಗಳನ್ನೂ ಹೊತ್ತಿಗೆಯ ಪುಟದಲ್ಲಿ ಎಷ್ಟು ಹೊತ್ತು ದಿಟ್ಟಿಸಿದರೂ ಅವು ಮೀಲಿತವಾಗಿಯೇ ಇದ್ದುವು. ಅವುಗಳ ಭೇದವನ್ನು ತೆರೆದದ್ದು ಕಿಟಕಿಯ ದಿಕ್ಕು, ನೆಲದ ಕಲ್ಲು, ಬುಡದ ತೇವ, ಮುದುಕಿಯ ಕಣ್ಣು.

ಒಂದನ್ನೊಂದು ಹೋಲುವ ಎರಡರ ನಡುವೆ ಆರಿಸಬೇಕಾದಾಗ ಅವೆರಡನ್ನೇ ನೋಡುತ್ತ ಕುಳಿತರೆ ಪ್ರಯೋಜನವಿಲ್ಲ. ಅವು ಯಾರಿಗಾಗಿ, ಎಲ್ಲಿ, ಏತಕ್ಕಾಗಿ ಎಂಬುದನ್ನು ನೋಡಬೇಕೆಂಬುದು ನನಗೆ ತೋರಿದ ಮಾತು. ಇನ್ನೊಂದು ಮಾತೂ ಉಂಟು. ಭೇದವು ಯಾರಿಗೂ ಬೇಡವಾದ ಎಡೆಯಲ್ಲಿ ನಾವು ಕೂದಲನ್ನು ಸೀಳಿ ಭೇದವನ್ನು ಹುಡುಕುತ್ತೇವೆ. ಭೇದವು ಒಬ್ಬರ ಜೀವಕ್ಕೆ ಬೇಕಾದ ಹೊಸ್ತಿಲಿನಲ್ಲಿ ಅದನ್ನು ಬಳಿದು ಅಳಿಸಿಬಿಡುತ್ತೇವೆ. ಶಾಲೆಯನ್ನೂ ಮನೆಯನ್ನೂ ಕಟ್ಟಿಸುವವರು, ಅವುಗಳಿಗೆ ಬಣ್ಣ ಹಚ್ಚಿಸುವವರು ಅಲ್ಲಿ ನಡೆದಾಡುವ ಅತ್ಯಂತ ಮಸಕುಗಣ್ಣಿನವರನ್ನು ಒಮ್ಮೆ ಕೇಳಿ ಮುಂದುವರಿಯುವುದು ಒಳ್ಳೆಯದು.

ಬಣ್ಣದ ಕೆಲಸ ಮುಗಿಯುವ ದಿನ ಪಡಸಾಲೆಯ ಬಾಗಿಲ ಹಿಂದಿನ ಮೂಲೆಯಲ್ಲಿ ಗೇಣಗಲದ ಜಾಗವನ್ನು ಹಚ್ಚದೆ ಬಿಡಲು ಗೃಹಸ್ಥರಿಗೆ ಹೇಳಿದೆನು. ಅವರು ಅಲ್ಲಿನ ಸುಣ್ಣದ ಪದರುಗಳನ್ನು ಮೆಲ್ಲಗೆ ಕೆರೆದಾಗ 2019ರ ಎರೆಮಣ್ಣಿನ ಗೆರೆ ಮತ್ತೆ ಕಂಡಿತು. ಆ ಗೆರೆಗಿಂತ ಒಂದು ಮೊಳ ಮೇಲಕ್ಕೆ ಬಡಗಿಯಿಂದ ಹೊಸ ಹಲಗೆಯನ್ನು ಬಡಿಸಿದ್ದೇನೆ. ನೆರೆಯಲ್ಲಿ ಉಳಿದ ಪುಸ್ತಕಗಳು ಈಗ ಅದರ ಮೇಲಿವೆ. ಹಲಗೆಗೆ ಯಾವ ಬಣ್ಣವೆಂದು ಯಾರೂ ಕೇಳಲಿಲ್ಲ.